ಬಳಪದ ಗೆರೆಯಷ್ಟೇ ತೆಳ್ಳಗೆ

ಕುಷ್ಟಗಿಯ ಮಾಸ್ತರರು ಬಸ್ಸಿಳಿದವರೇ ನೇರ ನಮ್ಮ ಛಾಪಖಾನೆಗೆ ಬಂದರು. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಹೊಗೆಯ ಮೇಲೆ ಓಡುತ್ತಿದ್ದವು. ಕುಷ್ಟಗಿಯಿಂದ ಕೊಪ್ಪಳಕ್ಕೆ ಬಂದವರೆಲ್ಲ ಕುಲುಮೆಯಿಂದ ಎದ್ದು ಬಂದವರಂತೆ ಕಾಣುತ್ತಿದ್ದರು. ಮಾಸ್ತರರು ಮುಖವನ್ನೂ ಒರೆಸಿಕೊಳ್ಳಲಿಲ್ಲ. ಕಂಕುಳಲ್ಲಿದ್ದ ಪಾಟಿಯನ್ನು ನನ್ನ ಮುಂದಿಟ್ಟರು.

"ಓದಪಾ ಇದನ್ನ."

ಮಕ್ಕಳು ಬರೆಯುವ ಕಲ್ಲಿನ ಪಾಟಿ. ಅದರ ಮೇಲೆ ಯಾರೋ ಬಳಪದಿಂದ ಗೀಚಿ, ಗೀಚಿದ್ದನ್ನು ತಿದ್ದಿ, ತಿದ್ದಿದ್ದನ್ನು ತುಂಬಿದ್ದರು. ನಾನು ಅತ್ತಿತ್ತ ತಿರುಗಿಸಿ ನೋಡಿದೆ.

"ಬದನಿಕಾಯಿ ಏನ್ರಿ ಮಾಸ್ತರ?"

"ಅಲ್ಲಪಾ, ಅ ಅಕ್ಷರ. ನೀ ಛಾಪಿಸಿ ಕೊಟ್ಟ ತಕ್ತೆ ನೋಡಿ ಏಳು ವರ್ಷದ ಹುಡುಗಿ ಬರದದ್ದು."

ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವುದು ನನ್ನ ಕೆಲಸ. ಬಿಡುವಿದ್ದಾಗ ಊರಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ. ಈ ಎರಡೂ ವಿದ್ಯೆಯಲ್ಲಿ ಕೊಪ್ಪಳದಲ್ಲಿ ನನ್ನಂಥವನಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆಯವರು ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ಅದು ಅನಿವಾರ್ಯವಾಗಿತ್ತು. ಮಾಸ್ತರರ ಶಾಲೆಯ ಗೋಡೆಗೆ ತೂಗುಹಾಕುವ ಅಕ್ಷರದ ತಕ್ತೆಯನ್ನು ಛಾಪಿಸಿದ್ದು ನಾನೇ. ನಮ್ಮಲ್ಲಿದ್ದ ದೊಡ್ಡ ಮೊಳೆಗಳು ನೂರಾರು ಲಗ್ನಪತ್ರಿಕೆ, ನಾಟಕದ ಕರಪತ್ರ ಕಂಡು ಅಂಚು ಸವೆದವು. ಒಂದು ಪಕ್ಕ ದಪ್ಪ, ಒಂದು ಪಕ್ಕ ಸಣ್ಣ. ಒತ್ತಿದರೆ ಮಸಿ ಅಕ್ಷರದ ಹೊಟ್ಟೆಯೊಳಗೆ ಇಳಿದು ಗಟ್ಟಿಯಾಗಿ ಕೂರುತ್ತಿತ್ತು.

ಮಾಸ್ತರರು ಜೇಬಿನಿಂದ ಬಳಪ ತೆಗೆದರು. "ಇದಕ್ಕ ಒಂದ ದಪ್ಪ ಐತಿ. ಎತ್ತ ಎಳದ್ರೂ ಒಂದ ಗೆರಿ ಬೀಳ್ತೈತಿ. ನಿನ್ನ ಅಕ್ಷರ ನೋಡು, ಅರ್ಧ ಎಮ್ಮಿ, ಅರ್ಧ ಎಮ್ಮಿ ಬಾಲ. ಕೂಸು ಎಮ್ಮಿ ತುಂಬ್ಸಾಕ ಹೋಗಿ ಬಾಲ ಮರೀತೈತಿ."

ನಾನು ನಕ್ಕೆ. ಅವರು ನಗಲಿಲ್ಲ.

"ಹೋದ ಸಲ ಇನ್‌ಸ್ಪೆಕ್ಟರ್ ಸಾಹೇಬರು ಬಂದು ತಕ್ತೆ ಮ್ಯಾಲ ಕೋಲು ಇಟ್ಟು ಕೇಳಿದ್ರು. ಹುಡುಗ್ಯಾರು ಬಾಯಿ ಬಿಡಲಿಲ್ಲ. ಮುಂದಿನ ಸಲಾನೂ ಹಿಂಗ ಆದ್ರ ಪರವಾನಗಿ ರದ್ದು ಅಂತ ಬರದು ಹೋಗ್ಯಾರ."

"ಮುಂದಿನ ಸಲ ಯಾವಾಗ್ರಿ?"

"ಇವತ್ತಿಗೆ ಇಪ್ಪತ್ತಾರು ದಿನಕ್ಕ."

ನಿಜಾಮರ ಸೀಮೆಯಲ್ಲಿ ಸರ್ಕಾರದ ಭಾಷೆ ಉರ್ದು. ಕನ್ನಡ ಶಾಲೆಗಳನ್ನು ಊರವರು ಪರವಾನಗಿ ಪಡೆದು ತಾವೇ ನಡೆಸಬೇಕಿತ್ತು. ಮಾಸ್ತರರದ್ದು ಹೆಣ್ಣುಮಕ್ಕಳ ಶಾಲೆ, ಅದೂ ಒಬ್ಬರ ಪಡಸಾಲೆಯಲ್ಲಿ. ಆ ಹತ್ತೊಂಬತ್ತು ಹುಡುಗಿಯರನ್ನು ಮನೆಮನೆಗೆ ಹೋಗಿ ಕೈಮುಗಿದು ಕರೆತಂದಿದ್ದರು. ಒಮ್ಮೆ ಬಾಗಿಲು ಮುಚ್ಚಿದರೆ ಅವರು ಒಲೆಯ ಮುಂದೆ ಕೂರುತ್ತಾರೆ. ಆಮೇಲೆ ಯಾರು ಕರೆದರೂ ಏಳುವುದಿಲ್ಲ.

ತಪ್ಪಾಯಿತು ಎನ್ನಬೇಕಾದ ಹೊತ್ತಿನಲ್ಲಿ ನಾನು, "ಹೊಸಾ ಅಕ್ಷರಾನ ಮಾಡಿಕೊಡ್ತೀನ್ರಿ ಮಾಸ್ತರ," ಅಂದೆ.

ಟ್ರೆಡಲ್ ಯಂತ್ರ ತುಳಿಯುತ್ತಿದ್ದ ಛಾಪಖಾನೆಯ ಸಾಹುಕಾರರು ಕಾಲು ನಿಲ್ಲಿಸಿದರು. "ಮೊಳಿ ಎರಿಯಾಕ ಸೀಸ ಎಲ್ಲಿಂದ ತರ್ತಿ? ಯುದ್ಧಕ್ಕ ಹೋಗೇತಿ ಎಲ್ಲಾ ಸೀಸ. ನಿನ್ನ ತಲಿ ಕರಗಿಸ್ತೀಯೇನು?"

"ಕಟ್ಟಿಗಿಯೊಳಗ ಕೆತ್ತಿಸ್ತೀನ್ರಿ."

ಹೇಳಿ ಮುಗಿದ ಮೇಲೆ ನನಗೂ ಗೊತ್ತಾಯಿತು, ನಾನು ಏನು ಹೇಳಿದೆ ಎಂದು.

ಅಕ್ಷರ ಹೇಗಿರಬೇಕೆಂಬುದರ ಬಗ್ಗೆ ಮಾತ್ರ ನನಗೆ ಅನುಮಾನವಿರಲಿಲ್ಲ. ನಮ್ಮ ಊರ ಪಕ್ಕದ ಪಾಲ್ಕಿಗುಂಡಿನ ಬಂಡೆಯ ಮೇಲೆ ಹಿಂದಿನ ಕಾಲದ ಒಬ್ಬ ದೊಡ್ಡ ರಾಜನ ಬರಹವಿದೆ. ಚಿಕ್ಕವನಿದ್ದಾಗ ಹೊರಗಿನಿಂದ ಪಂಡಿತರು ಬಂದು ಬಂಡೆಗೆ ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಕರಿ ಒತ್ತಿ ಪ್ರತಿ ತೆಗೆಯುವುದನ್ನು ನೋಡಿದ್ದೆ. "ಬಂಡಿಗೆ ಅರಬಿ ತೊಡಸ್ಯಾರ" ಎಂದು ಊರೆಲ್ಲ ಕೂಗಿಕೊಂಡು ಬಂದು ಅಪ್ಪನಿಂದ ಹೊಡೆತ ತಿಂದಿದ್ದೆ. ಆ ಅಕ್ಷರಗಳು ನನಗೆ ಓದಲು ಬರುವುದಿಲ್ಲ. ಆದರೆ ಅವುಗಳ ಮೈಕಟ್ಟು ನೆನಪಿತ್ತು: ಒಂದೇ ದಪ್ಪದ ತೆಳುವಾದ ಗೆರೆ, ನೆಟ್ಟನೆಯ ಕಡ್ಡಿ, ದುಂಡನೆಯ ಉಂಗುರ. ಬಾಲವಿಲ್ಲ, ಕೊಕ್ಕೆಯಿಲ್ಲ, ಹೊಟ್ಟೆಯಿಲ್ಲ. ಬಳಪ ಹಿಡಿದ ಮಗು ಬರೆಯಬಹುದಾದ ಗೆರೆ ಅದು. ಹಾಗೆಯೇ ಕನ್ನಡ ಬರೆಯಬೇಕು.

ಕೈವಾರ ಇರಲಿಲ್ಲ. ಅಕ್ಕನ ಬಳೆ ಇತ್ತು. ಅಕ್ಕನ ಬಳೆ ದೊಡ್ಡ ವರ್ತುಲಕ್ಕೆ, ಅವಳ ಮಗಳ ಬಳೆ ಸಣ್ಣ ವರ್ತುಲಕ್ಕೆ, ಅವಳ ಕಾಲುಂಗುರ ಒಳಗಿನ ಸುರುಳಿಗೆ. ಮೊದಲ ದಿನವೇ ಒಂದು ಬಳೆ ಒಡೆಯಿತು. ಅಕ್ಕ ಸಟ್ಟುಗ ಹಿಡಿದು ಬಂದಳು.

"ಭಾಡ್ಯಾ, ನನ್ನ ಗಂಡ ಇನ್ನೂ ಕಲ್ಲಗುಂಡಿನಂಗ ಅದಾನ! ಬಳಿ ಯಾಕ ಒಡೀತಿ?"

"ಅಕ್ಷರ ಮಾಡಾಕ ಹತ್ತೀನಿ ಅಕ್ಕಾ."

"ಅಕ್ಷರಕ್ಕ ಬಳಿ ಯಾಕ ಬೇಕು? ಅದೇನು ಸೀಮಂತ ಮಾಡ್ಕೊಳ್ಳಾಕ ಹೊಂಟೈತೇನು?"

ನಾಲ್ಕು ದಿನದಲ್ಲಿ ಎಲ್ಲ ಅಕ್ಷರ ಬರೆದೆ. ಬಂಡೆಯ ಹುರುಪಿನಲ್ಲಿ ತಲೆಕಟ್ಟನ್ನು ಪೂರಾ ತೆಗೆದುಹಾಕಿದ್ದೆ. ಕುಷ್ಟಗಿಗೆ ಒಯ್ದು ಪಡಸಾಲೆಯಲ್ಲಿ ಹಾಸಿದೆ. ಮಾಸ್ತರರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಎಲ್ಲಾ ಅಕ್ಷರಕ್ಕೂ ಜವಳ ತಗಸೀಯಲ್ಲೋ."

ಬದನೆಕಾಯಿ ಬರೆದ ಹುಡುಗಿಯನ್ನು ಕರೆದು ರ ತೋರಿಸಿದರು. ಅವಳು ನನ್ನ ಮುಖ ನೋಡಿ, ಆಮೇಲೆ ಮಾಸ್ತರರ ಮುಖ ನೋಡಿ, ಮೆಲ್ಲಗೆ, "ಸೊನ್ನಿ ರೀ," ಅಂದಳು. ಸರಿಯೇ ಹೇಳಿದ್ದಳು. ಬಳೆ ಇಟ್ಟು ಎಳೆದ ವರ್ತುಲ, ತಲೆಯ ಮೇಲೆ ಏನೂ ಇಲ್ಲ, ಸೊನ್ನೆಯಲ್ಲದೆ ಮತ್ತೇನು? ಆ ಹುಡುಗಿಗೆ ಇದ್ದ ಕಣ್ಣು ನನಗಿರಲಿಲ್ಲ.

ಮತ್ತೆ ಐದು ದಿನ ತಿದ್ದಿದೆ. ತಲೆಕಟ್ಟು ಮರಳಿ ಬಂತು, ಆದರೆ ತಿರುವಿಲ್ಲದ ಒಂದು ಚಿಕ್ಕ ಕಡ್ಡಿಯಾಗಿ, ಬಳಪವನ್ನು ಒಮ್ಮೆ ಇಟ್ಟು ಎತ್ತಿದರೆ ಆಗುವಷ್ಟು. ಪ, ವ, ಮ ಒಂದರಂತೆ ಒಂದು ಕಾಣುತ್ತಿದ್ದವು. ಅವು ಬಾಯಿ ತೆರೆಯುವ ಜಾಗವನ್ನು ಎರಡು ಜೋಳದ ಕಾಳು ಹಿಡಿಸುವಷ್ಟು ಅಗಲಿಸಿದೆ. ಕಾಳು ಕೂತರೆ ಪಾಸು, ಕೂರದಿದ್ದರೆ ನಾಪಾಸು. ಇನ್ನೊಂದು ಸಂಗತಿ ಆಗ ಕಲಿತೆ. ಬಳೆಯ ವರ್ತುಲ ಕಾಗದದ ಮೇಲೆ ಸರಿಯಾಗಿದ್ದರೂ ಪಕ್ಕದ ಕಡ್ಡಿಯ ಜೊತೆ ಸ್ವಲ್ಪ ಕುಗ್ಗಿದಂತೆ ಕಾಣುತ್ತದೆ. ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ ಜಾರಿಸಿದರೆ ಮಾತ್ರ ಕಣ್ಣು ಒಪ್ಪುತ್ತದೆ. ಅಳತೆ ಸರಿ ಇರುವುದು ಬೇರೆ, ಸರಿ ಕಾಣುವುದು ಬೇರೆ. ಆ ಒಂದು ಪಾಠಕ್ಕೆ ಅಕ್ಕನ ಆರು ಬಳೆ ಹೋದವು.

ಹದಿನೇಳು ದಿನ ಉಳಿದಿತ್ತು.

ಕಿನ್ನಾಳದಲ್ಲಿ ಮರದ ಗೊಂಬೆ, ದೇವರು ಮಾಡುವ ಚಿತ್ರಗಾರರ ಮನೆಗಳಿವೆ. ಅವರಲ್ಲಿ ಹಿರಿಯನಾದ ಅಜ್ಜನ ಬಳಿ ಹೋದೆ. ಅಜ್ಜನಿಗೆ ಓದು ಬರುತ್ತಿರಲಿಲ್ಲ. ನನ್ನ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ.

"ಭಾಳ ಬಡಕಲ ಅದಾವಲ್ಲೋ ತಮ್ಮಾ. ಉಣ್ಣಾಕ ಹಾಕಿಲ್ಲೇನು?"

"ಹಂಗ ಇರಬೇಕ್ರಿ ಅಜ್ಜಾರ. ಗೆರಿ ಉಬ್ಬಿ ನಿಲ್ಲಬೇಕು, ಸುತ್ತಲ ಕಟ್ಟಿಗಿ ಕೆಳಗ ಇಳೀಬೇಕು. ಒಂದೊಂದು ನಾಕು ಬಟ್ಟು ಎತ್ತರ."

"ಹತ್ತು ದಿನ ಬೇಕು. ಒಂದು ಮಾತು. ನಾವು ದೇವರ ಮೂರ್ತಿ ಮಾಡಿದ್ರ ಕಣ್ಣು ಕಡೀಗೆ. ಅಕ್ಷರಾನೂ ದೇವರ. ಇದರ ಒಳಗಿನ ತೂತು ಕಡೀಗೆ ಕೆತ್ತತೀನಿ. ಒಳ್ಳೆ ದಿನ ನೋಡಿ, ಮುಂದ ಕನ್ನಡಿ ಇಟ್ಟು."

ಹೊಸ ದೇವರ ಮೊದಲ ನೋಟ ಮನುಷ್ಯನ ಮೇಲೆ ಬೀಳಬಾರದು, ಕನ್ನಡಿಯ ಮೇಲೆ ಬೀಳಬೇಕು. ಅದು ಅವರ ಮನೆತನದ ಪದ್ಧತಿ. ಹೂಂ ಅಂದೆ. ನನಗೆ ಅದು ಚಂದವೂ ಕಂಡಿತು. ಛಾಪಖಾನೆಗೆ ಬಂದು, ನನ್ನ ಅಕ್ಷರಕ್ಕೆ ನೇತ್ರ ತೆರೆಸುವ ಪೂಜೆ ಇದೆಯೆಂದು ಸಾಹುಕಾರರಿಗೆ ಜಂಬ ಕೊಚ್ಚಿದೆ.

ಹತ್ತು ದಿನ ಕಳೆದು, ಮತ್ತೊಂದು ದಿನ ಕಾಯ್ದ ಮೇಲೆ ಅಜ್ಜ ನೋಡಿಟ್ಟ ಒಳ್ಳೆಯ ದಿನ, ಗುರುವಾರ, ಬಂತು. ಅಜ್ಜನ ಪಡಸಾಲೆಯಲ್ಲಿ ಐವತ್ತು ಹಲಗೆ ಸಾಲಾಗಿ ನಿಂತಿದ್ದವು. ಅಜ್ಜ ಸ್ನಾನ ಮಾಡಿ, ಅರಿಷಿಣ ಕುಂಕುಮ ಇಟ್ಟು, ಅ ಅಕ್ಷರದ ಹಲಗೆಯನ್ನು ಕನ್ನಡಿಗೆ ಎದುರಾಗಿ ನಿಲ್ಲಿಸಿ, ಉಳಿಯಿಂದ ಒಳಗಿನ ಕಟ್ಟಿಗೆಯನ್ನು ಅಕ್ಕಿ ಕಾಳಿನಷ್ಟು ಅಕ್ಕಿ ಕಾಳಿನಷ್ಟು ತೆಗೆದ. ಅಕ್ಷರ ಕಣ್ಣು ಬಿಟ್ಟಿತು. ನಾನು ಕನ್ನಡಿಯೊಳಗೆ ನೋಡಿದೆ.

ಕನ್ನಡಿಯಲ್ಲಿ ಅ ತಿರುಗುಮುರುಗಾಗಿ ನಿಂತಿತ್ತು.

ಅಚ್ಚಿನ ಮೊಳೆ ಬರಿಗಣ್ಣಿಗೆ ತಿರುಗುಮುರುಗು ಇರಬೇಕು, ಕನ್ನಡಿಯಲ್ಲಿ ಸರಿ ಇರಬೇಕು. ಆಗಲೇ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ. ನಾಲ್ಕು ವರ್ಷ ದಿನವಿಡೀ ತಿರುಗುಮುರುಗು ಅಕ್ಷರ ಓದಿ ಅನ್ನ ತಿಂದವನು ನಾನು. ಆದರೆ ಬಳೆ ಹಿಡಿದ ದಿನದಿಂದ ಬೋರ್ಡು ಬರೆಯುವವನ ಗತ್ತು ತಲೆಗೇರಿ, ಹಾಳೆಗಳನ್ನು ಬೋರ್ಡಿನಂತೆ ನೆಟ್ಟಗೆ ಬರೆದು ಕೊಟ್ಟಿದ್ದೆ. ಐವತ್ತಕ್ಕೆ ಐವತ್ತೂ. ಜಗತ್ತಿನಲ್ಲಿ ಇಷ್ಟು ಚೊಕ್ಕವಾಗಿ ತಪ್ಪು ಮಾಡಿದವರು ಕಡಿಮೆ ಇರಬೇಕು.

ನಾನು ಕುಸಿದು ಕೂತದ್ದು ನೋಡಿ ಅಜ್ಜ ಕೇಳಿದ, "ಏನಾತೋ ತಮ್ಮಾ? ಮೈಮ್ಯಾಲ ದೇವರು ಬಂತೇನು?"

"ಬುದ್ಧಿ ಬಂತ್ರಿ ಅಜ್ಜಾರ. ತಡಾ ಆತು."

ವಿಷಯ ಹೇಳಿದೆ. ಅಜ್ಜ ಹಲಗೆಗಳ ಸಾಲನ್ನು ನೋಡಿದ.

"ಅಂದ್ರ ನಾ ಕೆತ್ತಿದ್ದೆಲ್ಲಾ ತಪ್ಪೇನು?"

"ನೀವು ಕೆತ್ತಿದ್ದು ಬರೋಬ್ಬರಿ ಐತ್ರಿ. ನಾ ಕೊಟ್ಟದ್ದು ತಪ್ಪು."

ಅವನು ಬೈಯಲಿಲ್ಲ. ಉಳಿಯನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟ. ಬೈದಿದ್ದರೆ ಒಂದು ಚಟಾಕಿ ಹಾರಿಸಿ ಪಾರಾಗುತ್ತಿದ್ದೆ. ಆ ಬಟ್ಟೆಯ ಗಂಟಿನ ಮುಂದೆ ನನ್ನ ಬಾಯಿ ನಡೆಯಲಿಲ್ಲ.

ಆದರೂ ಠ ಎಡಬಲ ಎರಡೂ ಒಂದೇ ಥರ ಇರುವ ಅಕ್ಷರ. ಅದೊಂದಾದರೂ ಸರಿಯಾಗಿ ಬೀಳಬಹುದೆಂದು ಅದರ ಒಳಗಿನ ಕಟ್ಟಿಗೆ ತೆಗೆಸಿಕೊಂಡು ಮರುದಿನ ಬೆಳಿಗ್ಗೆ ಟ್ರೆಡಲ್‌ಗೆ ಕಟ್ಟಿದೆ. ಸಾಹುಕಾರರು ಒಮ್ಮೆ ತುಳಿದರು. ಚಟ್ ಎಂದಿತು. ಉಂಗುರ ಮೂರು ಚೂರಾಗಿತ್ತು.

"ಇದು ಕಟ್ಟಿಗಿ ಅಲ್ಲಪಾ, ಹಪ್ಪಳ," ಅಂದರು ಸಾಹುಕಾರರು.

ಗೊಂಬೆ ಮಾಡುವ ಮೆತ್ತನೆಯ ಮರ ಅದು. ತೊಟ್ಟಿಲಿಗೆ ಸರಿ, ಯಂತ್ರದ ಕಬ್ಬಿಣದ ಕೆಳಗೆ ಅಲ್ಲ. ಯಾವ ಕಟ್ಟಿಗೆ ಎಂದು ನಾನು ಕೇಳಿರಲಿಲ್ಲ. ಅದರ ಮೇಲೆ ಎಷ್ಟು ಭಾರ ಬೀಳುತ್ತದೆಂದು ಅಜ್ಜನಿಗೆ ಹೇಳಿರಲಿಲ್ಲ. ತಿರುಗಿಸಿ ಕೆತ್ತಿಸಿದರೂ ಇದೇ ಗತಿ. ಇನ್ನು ಐದು ದಿನ.

ಮಾಸ್ತರರು ಬಿಟ್ಟುಹೋಗಿದ್ದ ಪಾಟಿಯ ಜೊತೆ ಆ ಹಲಗೆಯನ್ನೂ ಚೀಲಕ್ಕೆ ಹಾಕಿಕೊಂಡು, ಯಾರ ಮುಖವನ್ನೂ ನೋಡಲಾರದೆ ಪಾಲ್ಕಿಗುಂಡು ಹತ್ತಿದೆ. ಬಂಡೆಯ ಮುಂದೆ ಕೂತು ನನ್ನನ್ನು ನಾನೇ ಬೈದುಕೊಳ್ಳಬೇಕೆಂದಿದ್ದೆ. ಅದರಲ್ಲೂ ಹೊಸ ಮಾತು ಸಿಗಲಿಲ್ಲ. ಕೈ ಸುಮ್ಮನೆ ಒಂದು ಅಕ್ಷರದ ಗೆರೆಯೊಳಗೆ ಹೋಯಿತು. ಬೆರಳು ಗೆರೆ ಹಿಡಿದು ಇಳಿಯಿತು, ತಿರುಗಿತು, ನಿಂತಿತು. ಮತ್ತೊಮ್ಮೆ ಎಳೆದೆ. ಆ ಅಕ್ಷರದ ಹೆಸರು ನನಗೆ ಗೊತ್ತಿಲ್ಲ, ಆದರೆ ಎಲ್ಲಿ ಶುರು, ಎಲ್ಲಿ ತಿರುವು ಎಂಬುದು ಬೆರಳಿಗೆ ತಿಳಿದುಹೋಗಿತ್ತು. ಕಲ್ಲು ಕೆತ್ತಿದವನು ಗೆರೆಯನ್ನು ಉಬ್ಬಿಸಿರಲಿಲ್ಲ, ಒಳಗೆ ಇಳಿಸಿದ್ದ. ಒಳಗಿರುವ ಗೆರೆ ಎಷ್ಟೇ ತೆಳ್ಳಗಿರಲಿ, ಮುರಿಯುವುದಾದರೂ ಹೇಗೆ? ಒದ್ದೆ ಕಾಗದ ಹಚ್ಚಿ ಮೇಲಿನಿಂದ ಕರಿ ಒತ್ತಿದರೆ ಅಕ್ಷರ ಬಂಡೆಯ ಮೇಲಿದ್ದ ಹಾಗೆಯೇ ಬರುತ್ತದೆ, ತಿರುಗುಮುರುಗಿನ ಮಾತೇ ಇಲ್ಲ. ಕಪ್ಪು ನೆಲ, ಅದರ ಮೇಲೆ ಬಿಳಿ ಗೆರೆ.

ಅಂದರೆ ಪಾಟಿ.

ಛಾಪಖಾನೆಯ ಕೆಲಸದವನು ಛಾಪಿಸುವುದನ್ನೇ ಬಿಡಬೇಕು, ತೀರ್ಮಾನ ಅಷ್ಟೇ. ಗುಡ್ಡ ಇಳಿದು, ಎದುರು ಸಿಕ್ಕ ಬಂಡಿ ಹತ್ತಿ ಮಧ್ಯಾಹ್ನಕ್ಕೆ ಕಿನ್ನಾಳದಲ್ಲಿದ್ದೆ. ಐವತ್ತೂ ಹಲಗೆಯ ಬೆನ್ನು ಬೋಳಾಗಿತ್ತು. ಅಜ್ಜನ ಮುಂದೆ ಒಂದನ್ನು ಮಗುಚಿಟ್ಟೆ.

"ಅಜ್ಜಾರ, ಇದರ ಬೆನ್ನ ಮ್ಯಾಲ ಅಕ್ಷರಾನ ಒಳಗ ಇಳಸ್ರಿ. ಗೆರಿ ಈ ಬಳಪ ಹಿಡಿಸೂವಷ್ಟ. ಮೂರು ದಿನದಾಗ."

ಅಜ್ಜ ಬಳಪವನ್ನು ಬೆರಳುಗಳ ನಡುವೆ ಉರುಳಿಸಿದ. "ಒಳಗ ಇಳಿಯೂದಂದ್ರ ತೂತು. ಅಕ್ಷರ ಪೂರಾ ಕಣ್ಣ ಆತಲ್ಲೋ. ನಾಡದು ಅಮಾಸಿ. ಅಮಾಸಿ ದಿನ ನಮ್ಮಪ್ಪ ಕಣ್ಣಿಗೆ ಉಳಿ ಮುಟ್ಟಸ್ತಿದ್ದಿಲ್ಲ, ಅವರಪ್ಪಾನೂ ಮುಟ್ಟಸ್ತಿದ್ದಿಲ್ಲ."

ಚೀಲದಲ್ಲಿದ್ದ ಪಾಟಿಯನ್ನು ತೆಗೆದುಕೊಟ್ಟೆ. ಬದನೆಕಾಯಿ ಇನ್ನೂ ಅದರ ಮೇಲಿತ್ತು. ಅಳಿಸುವ ಮನಸ್ಸು ನನಗೆ ಬಂದಿರಲಿಲ್ಲ.

"ಇದೇನು?"

"ಏಳು ವರ್ಷದ ಹುಡುಗಿ ಬರದ ಅ. ನನ್ನ ತಕ್ತೆ ನೋಡಿ ಬರದಾಳ. ಸಾಹೇಬರು ಬಂದಾಗೂ ಹಿಂಗ ಬರದ್ರ ಸಾಲಿ ಮುಚ್ತೈತಿ."

ಅಜ್ಜ ಆ ಪಾಟಿಯನ್ನು ದೂರ ಹಿಡಿದ, ಹತ್ತಿರ ಹಿಡಿದ. ಆಮೇಲೆ ಬಟ್ಟೆಯ ಗಂಟು ಬಿಚ್ಚಿದ.

"ದೇವರ ಕಣ್ಣಿಗೆ ದಿನಾ ನೋಡಬೇಕು ತಮ್ಮಾ. ಕೂಸಿನ ಕಣ್ಣಿಗೆ ಯಾವ ದಿನಾನೂ ನಡೀತೈತಿ. ಅಮಾಸಿ ಪಾಪ ಬಂದ್ರ ನಿನ್ನ ಹೆಸರಿಗೆ ಕಳಸ್ತೀನಿ."

"ಕಳಸ್ರಿ. ಅಲ್ಲಿ ನನ್ನ ಖಾತೆ ಮೊದಲ ದೊಡ್ಡದೈತಿ."

ಅಮಾವಾಸ್ಯೆಯ ದಿನವೂ ಅಜ್ಜ ಕೆತ್ತಿದ. ಕನ್ನಡಿಯನ್ನು ಮಾತ್ರ ಪಕ್ಕಕ್ಕೆ ತಿರುಗಿಸಿ ಇಟ್ಟಿದ್ದ. ಅವನು ಕೆತ್ತಿದ ಹಲಗೆಗಳ ಮೇಲೆ ನಾನು ಗಾಳಿಪಟದ ಕಾಗದ ಒದ್ದೆ ಮಾಡಿ ಹಚ್ಚಿ, ದೀಪದ ಮಸಿಗೆ ಅಂಟು ಕಲಸಿ, ಬಟ್ಟೆಯ ಉಂಡೆಯಿಂದ ಒತ್ತಿದೆ. ಹೆಚ್ಚು ಒದ್ದೆಯಾದರೆ ಕರಿ ಗೆರೆಯೊಳಗೆ ಇಳಿಯುತ್ತಿತ್ತು. ಕಡಿಮೆಯಾದರೆ ಕಾಗದ ಹರಿಯುತ್ತಿತ್ತು. ಆ ಬರಗಾಲದಲ್ಲಿ ಸಿಕ್ಕಿದ್ದು ಹಳದಿ ಮತ್ತು ಕೆಂಪು ಕಾಗದ ಮಾತ್ರ. ಹಾಗಾಗಿ ಸ್ವರಗಳು ಹಳದಿ, ವ್ಯಂಜನಗಳು ಕೆಂಪು. ಬೇಕೆಂದೇ ಹಾಗೆ ಮಾಡಿದ್ದೆಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ.

ಬಸ್ಸಿನ ಡ್ರೈವರ್ ಕೈಯಲ್ಲಿ ಮಾಸ್ತರರಿಗೆ ಚೀಟಿ ಕಳಿಸಿದ್ದೆ: ತಕ್ತೆ ಬರುತ್ತದೆ, ಬೇರೆ ಥರ. ಅವರು ಅದೇ ಚೀಟಿಯ ಹಿಂದೆ ಬರೆದು ಕಳಿಸಿದ್ದರು: ಬೇರೆ ಥರ ಅಂದರೆ? ನಾನು ಉತ್ತರ ಬರೆಯಲಿಲ್ಲ.

ತಪಾಸಣೆಯ ಹಿಂದಿನ ದಿನ ಬೆಳಿಗ್ಗೆ ಜೋಳದ ಚೀಲದಲ್ಲಿ ಹಲಗೆ, ಕಾಗದ ತುಂಬಿಕೊಂಡು ಕುಷ್ಟಗಿಗೆ ಇಳಿದೆ. ಆದದ್ದನ್ನೆಲ್ಲ ಮಾಸ್ತರರಿಗೆ ಹೇಳಿದೆ, ಒಂದೂ ಬಿಡದೆ, ಒಂದೂ ಚಟಾಕಿ ಸೇರಿಸದೆ. ಅವರು ಕೇಳಿ, ಅ ಹಲಗೆಯನ್ನು ಆ ಹುಡುಗಿಯ ಮಡಿಲಲ್ಲಿಟ್ಟರು. ಅವಳು ಗೆರೆಯೊಳಗೆ ಬಳಪ ಇಟ್ಟಳು. ಬಳಪ ತಾನಾಗಿಯೇ ಹೋಯಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡು ಹಲಗೆಯನ್ನು ನೋಡಿದಳು. ಮತ್ತೆ ಇಟ್ಟಳು. ಹತ್ತು ಸಲವೋ ಹನ್ನೆರಡು ಸಲವೋ ಆದ ಮೇಲೆ ಪಾಟಿ ಎಳೆದುಕೊಂಡು, ನಾಲಿಗೆ ಹೊರಗೆ ಹಾಕಿ, ಒಂದೇ ಗೆರೆಯಲ್ಲಿ ಅ ಬರೆದಳು. ಸೊಟ್ಟಗಿತ್ತು. ಆದರೆ ಅ.

ಮಾಸ್ತರರು ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಎಲ್ಲಾರೂ ತಗೋರ್ರಿ ಒಂದೊಂದು," ಅಂದರು. ಅಕ್ಷರಗಳ ಹೆಸರು ಹುಡುಗಿಯರಿಗೆ ಮೊದಲೇ ಬಾಯಿಪಾಠವಿತ್ತು, ಕತ್ತಲಾಗುವವರೆಗೆ ಅವರು ರೂಪ ತಿದ್ದಿದರು, ನಾನು ಕಾಗದಗಳನ್ನು ಗೋಡೆಗೆ ಹಚ್ಚಿದೆ.

ಮರುದಿನ ಇನ್‌ಸ್ಪೆಕ್ಟರ್ ಸಾಹೇಬರು ಗುಮಾಸ್ತನೊಂದಿಗೆ ಬಂದರು. ಅವರ ಮಾತು ಉರ್ದು, ಕನ್ನಡ ಅಷ್ಟಕ್ಕಷ್ಟೆ. ಗುಮಾಸ್ತ ಗೋಡೆಯ ಕಾಗದಗಳನ್ನು ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ನೋಡಿ, "ಛಾಪಖಾನಿ ಹೆಸರು ಎಲ್ಲೈತಿ? ಹೆಸರಿಲ್ಲದ ಛಾಪಾ ಕಾಗದ ಹಚ್ಚೂದು ಗುನ್ಹೆ," ಅಂದ.

ಆ ಕಾಲದಲ್ಲಿ ಅದು ಹಗುರದ ಮಾತಲ್ಲ. ಹೆಸರಿಲ್ಲದ ಕಾಗದಕ್ಕೆ ಜನ ಠಾಣೆ ಕಂಡಿದ್ದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಇದು ಛಾಪಾ ಅಲ್ರಿ ಸಾಹೇಬ್ರ. ಛಾಪಾ ಆಗೂವಷ್ಟು ಚಂದ ಎಲ್ಲೈತ್ರಿ? ಕಟ್ಟಿಗಿ ಮ್ಯಾಲ ಇಟ್ಟು ಬಡದದ್ದು."

"ಕೌನ್ ಹೈ ಯೇ?" ಅಂದರು ಸಾಹೇಬರು, ಯಾರಿವನು ಎಂದು ನನ್ನತ್ತ ನೋಡಿ.

"ಬಡದಾಂವ್ರಿ," ಅಂದೆ.

ಸಾಹೇಬರು ನಗಲಿಲ್ಲ. ಆ ಬದನೆಕಾಯಿಯ ಹುಡುಗಿಯ ಮಡಿಲಿನಿಂದ ಒಂದು ಹಲಗೆ ಎತ್ತಿಕೊಂಡರು. ಗೆರೆಯೊಳಗೆ ಬೆರಳಿಟ್ಟು ನಿಧಾನವಾಗಿ ಸುತ್ತಿಸಿದರು. ನಾನು ಬಂಡೆಯ ಮುಂದೆ ಕೂತಿದ್ದಂತೆಯೇ ಅವರೂ, ಓದಲು ಬಾರದ ಅಕ್ಷರವನ್ನು ಬೆರಳಿನಿಂದ ಹಿಡಿದು ಹೋಗುತ್ತಿದ್ದರು. ಕೊನೆ ಮುಟ್ಟಿ, "ಇದು ಏನು?" ಎಂದು ಹುಡುಗಿಯನ್ನು ಕೇಳಿದರು.

"ಮ ರೀ."

"ಕಣ್ಣು ಮುಚ್ಚು." ಅವರು ಇನ್ನೊಂದು ಹಲಗೆ ಅವಳ ಕೈಗಿಟ್ಟರು. ಅವಳು ಕಣ್ಣು ಬಿಗಿಯಾಗಿ ಮುಚ್ಚಿ ಬೆರಳು ಆಡಿಸಿದಳು. ಅದು ರ. ನಾನು ಸೊನ್ನೆ ಮಾಡಿಟ್ಟಿದ್ದ ರ. ಅವಳ ಬೆರಳು ವರ್ತುಲ ಸುತ್ತಿತು, ಮೇಲೆ ಹೋಯಿತು, ಆ ಚಿಕ್ಕ ಕಡ್ಡಿಯನ್ನು ಮುಟ್ಟಿ ನಿಂತಿತು.

"ರ ರೀ ಸಾಹೇಬ್ರ."

ಹತ್ತೊಂಬತ್ತು ಜನರಲ್ಲಿ ಹದಿನಾರು ಜನ ಓದಿದರು. ಸಾಹೇಬರು ರಿಜಿಸ್ಟರಿನಲ್ಲಿ ಉರ್ದುವಿನಲ್ಲಿ ಬರೆದರು. ಗುಮಾಸ್ತ ನಮಗೆ ಕನ್ನಡದಲ್ಲಿ ಹೇಳಿದ. ಹುಡುಗಿಯರು ಓದುತ್ತಾರೆ, ಪರವಾನಗಿ ಮುಂದುವರಿಯಲಿ. ಗೋಡೆಯ ಕಾಗದ ಈಗಲೇ ಇಳಿಸತಕ್ಕದ್ದು. ಹಳದಿ, ಕೆಂಪು ಎಲ್ಲವನ್ನೂ ನಾನೇ ನಿಂತು ಹರಿದು ತೆಗೆದೆ. ಛಾಪಿಸಲೆಂದು ಶುರು ಮಾಡಿದ ಅಕ್ಷರ ಕಾಗದದ ಮೇಲೆ ಉಳಿದದ್ದು ಒಂದೇ ದಿನ. ಹಲಗೆಗಳು ಉಳಿದವು.

ಎರಡು ವರ್ಷ ಆದ ಮೇಲೆ ಮತ್ತೊಂದು ಕೆಲಸಕ್ಕೆ ಕುಷ್ಟಗಿಗೆ ಹೋದಾಗ ಆ ಪಡಸಾಲೆಗೆ ಹೋದೆ. ಅಕ್ಷರ ಬರೆದವನ ಚಟ, ಬಳಪ ತೆಗೆದು ಅ ಅಕ್ಷರದ ಗೆರೆಯೊಳಗೆ ಇಟ್ಟೆ. ಬಳಪ ಅಲ್ಲಾಡಿತು. ಮೆತ್ತನೆಯ ಮರ, ಎಷ್ಟೋ ಬಳಪ, ಎಷ್ಟೋ ಬೆರಳು ಓಡಾಡಿ ಗೆರೆ ಕಿರುಬೆರಳಿನಷ್ಟು ಅಗಲವಾಗಿತ್ತು. ನಾನು ಕೂದಲೆಳೆ ಲೆಕ್ಕ ಹಾಕಿ ತೆಳ್ಳಗೆ ಮಾಡಿದ್ದ ಅಕ್ಷರ ದಪ್ಪಗೆ, ನುಣ್ಣಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಯಾರೂ ಹೆಚ್ಚು ತಿದ್ದದ ಋ ಮಾತ್ರ ಅಜ್ಜ ಕೊಟ್ಟ ದಿನದಂತೆಯೇ ಇತ್ತು. ಹೊಸದೊಂದು ಅ ಕೆತ್ತಿಸಿ ತಾ ಎಂದು ಮಾಸ್ತರರು ಆ ಹಲಗೆಯನ್ನು ನನ್ನ ಕೈಗೆ ಕೊಟ್ಟರು.

ಕಿನ್ನಾಳದ ಅಜ್ಜನಿಗೆ ಅಷ್ಟರಲ್ಲಿ ಕಣ್ಣು ಮಂದವಾಗಿತ್ತು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಗೆರೆಯನ್ನು ಪೂರಾ ಒಂದು ಸುತ್ತು ಸವರಿದ.

"ಇದನ್ನ ನಾ ಕೆತ್ತಿಲ್ಲ."

"ನೀವ ಕೆತ್ತಿದ್ದು ರೀ ಅಜ್ಜಾರ."

ಅವನು ಮತ್ತೊಮ್ಮೆ ಸವರಿದ. ಹೆಬ್ಬೆರಳು ಗೆರೆಯ ಕೊನೆಯಲ್ಲಿ ನಿಂತಿತು.

"ಶುರು ಅಷ್ಟ ನಾ ಮಾಡೀನಿ," ಅಂದ.